ಮದುವೆ ಕ್ಯಾಮೆರಾ ನೆಲಕ್ಕಿಳಿದದ್ದು

ನಾನು ಒಂದು ವಿಡಿಯೊ ಕ್ಯಾಮೆರಾ. ಕ್ಯಾಸೆಟ್ ನುಂಗುವ ಕಾಲದ್ದು. ಈಗಿನ ಮಕ್ಕಳು ಗಾಜಿನ ಬೀರುವಿನೊಳಗೆ ನನ್ನನ್ನು ಕಂಡರೆ, ಇದೇನು ಗೋಡೆ ಕೊರೆಯೋ ಮಷೀನಾ ಅಂತ ಕೇಳುತ್ತಾರೆ. ಕೇಳಲಿ ಬಿಡಿ. ದಾವಣಗೆರೆಯ ಅರ್ಧ ಊರಿನ ಮದುವೆ ನನ್ನ ಹೊಟ್ಟೆಯಲ್ಲಿ ಹಾದುಹೋಗಿದೆ ಎಂಬುದು ಅವರಿಗೇನು ಗೊತ್ತು?

ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹೆಂಗಸರು ಸಾಲಾಗಿ ಕೂತು ನನ್ನನ್ನು ತುಂಡುತುಂಡಾಗಿ ಜೋಡಿಸಿದರು. ಒಬ್ಬಳು ಕಣ್ಣು ಕೂರಿಸಿದಳು, ಒಬ್ಬಳು ಕಿವಿ ಕೂರಿಸಿದಳು. ಕೊನೆಯವಳು ನನ್ನ ನೆತ್ತಿಯ ಮೇಲೆ ಉದ್ದನೆಯ ಒಂದು ಹಿಡಿ ಇಟ್ಟು ಸ್ಕ್ರೂ ಬಿಗಿದಳು. ಹಿಡಿ ಹಿಡಿದು ಎತ್ತಿ, ಒಮ್ಮೆ ಅಲ್ಲಾಡಿಸಿ ನೋಡಿ, ಗಟ್ಟಿ ಇದೆ ಎಂದು ಪೆಟ್ಟಿಗೆಗೆ ಹಾಕಿದಳು. ಆ ಹಿಡಿಯನ್ನು ಯಾತಕ್ಕೆ ಇಟ್ಟರು ಎಂದು ನನಗೆ ತಿಳಿದದ್ದು ಮುದಿತನದಲ್ಲಿ.

ನನ್ನನ್ನು ಕೊಂಡವರು ರೂಪಕಲಾ ಸ್ಟುಡಿಯೊದ ಮೃತ್ಯುಂಜಯಪ್ಪನವರು. ಆಗ ಅವರ ಮೀಸೆ ಕಪ್ಪಗಿತ್ತು. ನನ್ನನ್ನು ಪೆಟ್ಟಿಗೆಯಿಂದ ತೆಗೆದವರೇ ಮೊದಲು ಕಣ್ಣಿಗೊತ್ತಿಕೊಂಡರು, ಆಮೇಲೆ ವಿಭೂತಿ ಇಟ್ಟರು, ಆಮೇಲೆ ನನ್ನೊಳಗೆ ಇಣುಕಿದರು. ಪ್ರತಿ ವರ್ಷ ಆಯುಧಪೂಜೆಗೆ ನನಗೆ ಚೆಂಡುಹೂವಿನ ಹಾರ. ಅಪ್ಪಿತಪ್ಪಿ ಯಾರ ಕಾಲಾದರೂ ತಾಗಿದರೆ ಆ ಮನುಷ್ಯ ನನ್ನನ್ನು ಮುಟ್ಟಿ ನಮಸ್ಕಾರ ಮಾಡುವವರೆಗೆ ಇವರು ಬಿಡುತ್ತಿರಲಿಲ್ಲ. ನನ್ನನ್ನು ನೆಲಕ್ಕೆ ಇಡುವ ಮಾತೇ ಇಲ್ಲ. ನನ್ನ ಜಾಗ ಅವರ ಹೆಗಲು, ಇಲ್ಲವಾದರೆ ಸ್ಟ್ಯಾಂಡಿನ ತುದಿ. ನನಗೂ ಸ್ವಲ್ಪ ಜಂಬ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಮದುವೆ ವಿಡಿಯೊಗೆ ಮೃತ್ಯುಂಜಯಪ್ಪನವರದು ಗಟ್ಟಿ ಕಾನೂನು. ಮೊದಲನೆಯದು ಮುಖ. ಬಂದವರೆಲ್ಲರ ಮುಖ ಬರಬೇಕು, ಊಟಕ್ಕೆ ಕೂತವರದ್ದೂ ಬರಬೇಕು. ಒಂದು ಸಲ ಹೆಣ್ಣಿನ ಸೋದರಮಾವ ಪಂಕ್ತಿಯ ಕೊನೆಯಲ್ಲಿ ಕೂತಿದ್ದು ತಪ್ಪಿಹೋಗಿ, ಎರಡು ಮನೆಯವರು ಮಾತು ಬಿಡುವ ಮಟ್ಟಕ್ಕೆ ಹೋಗಿತ್ತು. ಇನ್ನೊಂದು, ಎಡವಟ್ಟಾದದ್ದು ಯಾವುದೂ ಉಳಿಯಬಾರದು. ಹಾರ ಕೈಜಾರಿ ಬಿತ್ತೋ, ಯಾರೋ ಮುಗ್ಗರಿಸಿದರೋ, ಅವರ ಹೆಬ್ಬೆರಳು ತಕ್ಷಣ ನನ್ನ ಕೆಂಪು ಗುಂಡಿ ಒತ್ತಿ ನನ್ನ ಕಣ್ಣು ಮುಚ್ಚಿಸುತ್ತಿತ್ತು. ಅಪಶಕುನದ್ದು ಯಾಕೆ ಬೇಕು ಎನ್ನುತ್ತಿದ್ದರು. ಆಮೇಲೆ ಕಂಪ್ಯೂಟರಿನಲ್ಲಿ ಗುಲಾಬಿ ಎಸಳಿನ ಮಳೆ ಸುರಿಸಿ, ಹಾರ್ಟಿನ ಚೌಕಟ್ಟು ಹಾಕಿ, ಕೊನೆಗೆ ಶುಭಂ ಎಂದು ಬರೆದರೆ ಮುಗಿಯಿತು. ಜನ ಬಾಯಿ ತುಂಬಾ ಹೊಗಳುತ್ತಿದ್ದರು.

ಕಾಲ ನಿಲ್ಲುತ್ತದೆಯೇ? ಮದುವೆಮನೆಯ ಮೇಲೆ ಡ್ರೋನು ಗುಂಯ್‌ಗುಡತೊಡಗಿತು. ಕ್ಯಾಸೆಟ್ ಬೇಕೆಂದರೂ ಸಿಗದಂತಾಯಿತು. ಮೃತ್ಯುಂಜಯಪ್ಪನವರ ಮೀಸೆ ಬೆಳ್ಳಗಾಯಿತು, ನಾನು ಗಾಜಿನ ಬೀರು ಸೇರಿದೆ. ಅವರು ಬೆಳಿಗ್ಗೆ ಬಂದು ಬೀಗ ತೆಗೆದು, ನನ್ನ ಮೇಲಿನ ಧೂಳು ಒರೆಸಿ, ಪಾಸ್‌ಪೋರ್ಟ್ ಫೋಟೊಗೆ ಬರುವವರ ದಾರಿ ಕಾಯುತ್ತ ಕೂರುತ್ತಿದ್ದರು. ನಾವಿಬ್ಬರೂ ಗಾಜಿನಾಚೆಯ ಬೀದಿ ನೋಡುತ್ತಿದ್ದೆವು. ಬದುಕು ಇಷ್ಟೇ ಎಂದುಕೊಂಡಿದ್ದೆ.

ಪಕ್ಕದಲ್ಲಿಯೇ ಹೊನ್ನಮ್ಮನ ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಅರಳಿಸುವ ಕೆಲಸ. ದಿನವೆಲ್ಲ ಹೊಗೆ, ದಿನವೆಲ್ಲ ಬೆವರು. ಗಂಡ ತೀರಿಕೊಂಡ ಮೇಲೆ ಆ ಭಟ್ಟಿಯನ್ನೂ ಮಗಳು ಭೂಮಿಕಾಳನ್ನೂ ಒಬ್ಬಳೇ ನೋಡಿಕೊಂಡವಳು ಆಕೆ. ಭೂಮಿಕಾ ಹತ್ತನೇ ತರಗತಿ ಮುಗಿಸಿ ಕಾಲೇಜಿಗೆ ಸೇರಿದ್ದಳು. ಚಕ್ರ ಹಾಕಿದ ಹಲಗೆಯೊಂದು ಸದಾ ಅವಳ ಕಂಕುಳಲ್ಲಿ ಇರುತ್ತಿತ್ತು. ಅದಕ್ಕೆ ಸ್ಕೇಟ್‌ಬೋರ್ಡ್ ಎನ್ನುತ್ತಾರೆಂದು ನನಗೆ ಆಮೇಲೆ ಗೊತ್ತಾಯಿತು.

ಆ ಹಲಗೆಯನ್ನು ಗುಜರಿಯಲ್ಲಿ ಕಂಡು, ಚಕ್ರ ಸರಿಮಾಡಿ ಅವಳಿಗೆ ಕೊಟ್ಟವನು ಎದುರಿನ ಕಾರ್ ಗ್ಯಾರೇಜಿನ ಜಬೀವುಲ್ಲಾ. ಮಕ್ಕಳಿಗೆಲ್ಲ ಅವನು ಜಬಿ ಅಣ್ಣ. ಮುಚ್ಚಿಹೋದ ಹತ್ತಿ ಗಿರಣಿಯ ಕಾಂಪೌಂಡಿನಲ್ಲಿ ಒಂದು ದೊಡ್ಡ ನೀರಿನ ತೊಟ್ಟಿ ಇತ್ತು. ನೀರು ಬತ್ತಿ ಎಷ್ಟೋ ವರ್ಷವಾಗಿತ್ತು. ಬದಿಯೆಲ್ಲ ಇಳಿಜಾರು, ನಡುವೆ ಒಂದು ಮೋಟುಗೋಡೆ, ತಳವೆಲ್ಲ ನುಣ್ಣನೆಯ ಸಿಮೆಂಟು. ಕಾವಲುಗಾರನ ಒಪ್ಪಿಗೆ ಪಡೆದು ಅಲ್ಲೇ ಭೂಮಿಕಾ ಕಲಿತಳು. ಫೋನಿನಲ್ಲಿ ನೋಡುವುದು, ತೊಟ್ಟಿಯಲ್ಲಿ ಬೀಳುವುದು, ಮತ್ತೆ ನೋಡುವುದು.

ಹೊನ್ನಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಆದರೂ ಬೆಂಗಳೂರಿನಲ್ಲಿ ಹುಡುಗಿಯರಿಗಾಗಿ ತರಬೇತಿ ಶಿಬಿರವೊಂದಿದೆ, ಒಂದು ವಿಡಿಯೊ ಕಳಿಸಿದರೆ ನೋಡಿ ಆರಿಸುತ್ತಾರೆ, ಊಟ ವಸತಿ ಅವರದ್ದೇ ಎಂದು ಮಗಳು ಗೋಗರೆದಾಗ ಆಕೆ ಒಂದು ತೀರ್ಮಾನ ಹೇಳಿದಳು. ನಮ್ಮ ಸ್ಟುಡಿಯೊ ಬಾಗಿಲಲ್ಲೇ ನಿಂತು ಹೇಳಿದ್ದರಿಂದ ನಾನೂ ಕೇಳಿದೆ.

"ಅವ್ರು ಆರಿಸಿದ್ರೆ ಹೋಗು, ನಾ ಬ್ಯಾಡ ಅನ್ನಲ್ಲ. ಆರಿಸ್ಲಿಲ್ಲ ಅಂದ್ರೆ ಮಾತ್ರ ಆ ಹಲಗಿ ನನ್ನ ಭಟ್ಟಿ ಒಲಿಗೆ ಬೀಳ್ತತಿ. ಮತ್ತೆ ಇನ್ನೊಂದು, ನಾ ನೋಡದಂಗ ನಿನ್ನ ಚಿತ್ರ ಊರು ದಾಟಂಗಿಲ್ಲ."

ಭೂಮಿಕಾ ತಾಯಿಯ ಫೋನಿನಲ್ಲಿ ತೆಗೆಯಲು ನೋಡಿದಳು. ಅದರ ಕಣ್ಣಿಗೆ ಭಟ್ಟಿಯ ಮಸಿ ಹಿಡಿದು ಎಲ್ಲ ಮಂಜುಮಂಜು. ಇದನ್ನು ಕಂಡ ಮೃತ್ಯುಂಜಯಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು.

"ನಾ ಇರೋವಾಗ ಫೋನ್ಯಾಕವ್ವ? ಎಂತೆಂಥಾ ಮದುವಿ ತೆಗ್ದಿಲ್ಲ ನಾನು! ಇದೇನು ದೊಡ್ಡ ಮಾತು?"

ಅವರು ಬೀರು ತೆಗೆದು ನನ್ನನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ನನಗೂ ಒಳಗೊಳಗೇ ಪುಳಕ. ಹಳೆಯ ಡಬ್ಬಿಯಲ್ಲಿ ಇನ್ನೂ ಬಿಚ್ಚದ ಹೊಸ ಕ್ಯಾಸೆಟ್ ಎರಡೇ ಉಳಿದಿದ್ದವು.

ಮೊದಲ ಚಿತ್ರೀಕರಣದ ವೈಭವ ಏನು ಹೇಳಲಿ! ಮೃತ್ಯುಂಜಯಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ನನ್ನನ್ನು ತೊಟ್ಟಿಯ ದಂಡೆಯ ಮೇಲೆ ಸ್ಟ್ಯಾಂಡಿಗೆ ಏರಿಸಿದರು. ಭೂಮಿಕಾಗೆ ಮುಖ ತೊಳೆದು ಪೌಡರ್ ಹಚ್ಚಿಕೊಂಡು ಬರಲು ಹೇಳಿದರು. "ಹಾರೋವಾಗ ಈ ಕಡೆ ನೋಡಿ ನಗು ಮಗಳೇ" ಎಂದರು. ಆ ಹುಡುಗಿ ಮೋಟುಗೋಡೆಯ ಕಡೆ ಬಿರುಸಿನಿಂದ ಉರುಳಿ ಬರುವಾಗ ಇವರು ನನ್ನ ಕಣ್ಣನ್ನು ಹಿಗ್ಗಿಸಿ ಅವಳ ಮುಖಕ್ಕೆ ತಂದು ನಿಲ್ಲಿಸಿದರು, ತಾಳಿ ಕಟ್ಟುವ ಹೊತ್ತಿನಲ್ಲಿ ಮದುಮಗಳ ಮುಖಕ್ಕೆ ತರುವ ಹಾಗೆ. ಅವಳು ಬಿದ್ದಾಗಲೆಲ್ಲ ಹೆಬ್ಬೆರಳು ಗುಂಡಿ ಒತ್ತಿತು. ನೋಡಲು ಬಂದ ಓಣಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ತೆಗೆದರು, ಮಂಡಕ್ಕಿ ತಿನ್ನುವಾಗಲೂ ತೆಗೆದರು. ಯಾರೂ ಬಿಟ್ಟುಹೋಗಬಾರದಲ್ಲ!

ಸ್ಟುಡಿಯೊದಲ್ಲಿ ಕೂತು ಅದಕ್ಕೆ ಶಹನಾಯಿ ಹಾಕಿದರು. ಭೂಮಿಕಾ ಗಾಳಿಯಲ್ಲಿರುವಾಗ ಗುಲಾಬಿ ಎಸಳು ಸುರಿಸಿದರು. ಹೊನ್ನಮ್ಮ ಬಂದು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮದುಮಗಳು ಕಂಡಂಗ ಕಾಣ್ತಾಳಲ್ರೀ ಅಣ್ಣಾರೆ" ಎಂದಳು. ಭೂಮಿಕಾ ಮಾತ್ರ ಉಗುರು ಕಚ್ಚುತ್ತ ಕೂತಿದ್ದಳು. ಅಜ್ಜನ ಸಂಭ್ರಮ ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ವಿಡಿಯೊ ಬೆಂಗಳೂರಿಗೆ ಹೋಯಿತು.

ಶಿಬಿರದ ಕೋಚ್ ಒಬ್ಬ ಹೆಣ್ಣುಮಗಳು. ಅವಳ ಉತ್ತರ ಫೋನಿನಲ್ಲಿ ಮಾತಾಗಿ ಬಂತು.

"ಭೂಮಿಕಾ, ವಿಡಿಯೊ ನೋಡಿದೆ. ನಿನ್ನ ನಗು ತುಂಬಾ ಚೆನ್ನಾಗಿದೆ. ಆದ್ರೆ ನಿನ್ನ ಕಾಲು ಎಲ್ಲಮ್ಮಾ? ಬೋರ್ಡ್ ಎಲ್ಲಿ? ನೀನು ಹಾರಿದ್ಯಾ, ಯಾರಾದ್ರೂ ಎತ್ತಿದ್ರಾ, ಏನೂ ಗೊತ್ತಾಗ್ಲಿಲ್ಲ. ಸಂಗೀತ ಬೇಡ, ಚಕ್ರದ ಸದ್ದು ಕೇಳಿಸ್ಲಿ. ಬಿದ್ದಿದ್ದನ್ನೂ ಹಾಕಿ. ಮುಖ್ಯವಾಗಿ, ಇಳಿದ ತಕ್ಷಣ ಕಟ್ ಮಾಡ್ಬೇಡಿ. ಇಳಿದ ಮೇಲೆ ನಿಂತ್ಕೊಂಡೇ ಉರುಳಿ ಹೋಗೋದು ಕಾಣ್ಬೇಕು, ಅದೇ ಪರೀಕ್ಷೆ. ಭಾನುವಾರದೊಳಗೆ ಇನ್ನೊಂದು ಸಲ ಕಳಿಸು, ಕಾಯ್ತೀನಿ."

ಮೃತ್ಯುಂಜಯಪ್ಪನವರ ಮುಖ ಸಪ್ಪಗಾಯಿತು. ಜೀವಮಾನವೆಲ್ಲ ಮುಖ ತೆಗೆದ ಮನುಷ್ಯನಿಗೆ ಕಾಲೆಲ್ಲಿ ಎಂದು ಕೇಳಿದರೆ? ನನ್ನನ್ನು ಮಡಿಲಲ್ಲಿಟ್ಟುಕೊಂಡು ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ನನಗೆ ಪಾಪ ಎನ್ನಿಸಿತು. ಆದರೆ ನಿಜ ಹೇಳಬೇಕೆಂದರೆ, ನನಗೂ ಆ ಹುಡುಗಿಯ ಕಾಲು ನೋಡಬೇಕೆಂಬ ಆಸೆ ಆಗಿತ್ತು. ದಂಡೆಯ ಮೇಲೆ ನಿಂತಾಗ ಕೆಳಗಿನಿಂದ ಬರುತ್ತಿದ್ದ ಗರ್ರ್ ಎನ್ನುವ ಸದ್ದು ನನ್ನನ್ನು ಕರೆಯುತ್ತಲೇ ಇತ್ತು.

ಶನಿವಾರ ಬೆಳಿಗ್ಗೆ ಮತ್ತೆ ತೊಟ್ಟಿಗೆ ಹೋದೆವು. ಉಳಿದದ್ದು ಒಂದೇ ಕ್ಯಾಸೆಟ್. ಜಬಿ ನೋಡಿಯೇ ಹೇಳಿದ, "ಅಜ್ಜಾರೆ, ಕ್ಯಾಮೆರಾ ಕೆಳಗ ಬರ್ಬೇಕ್ರೀ. ಅವಳ ಹಿಂದಿಂದೇ, ನೆಲದ ಹತ್ರಾನೇ ಓಡ್ಬೇಕು."

"ನೆಲಕ್ಕಾ?" ಮೃತ್ಯುಂಜಯಪ್ಪನವರು ನನ್ನನ್ನು ಎದೆಗೆ ಅವಚಿಕೊಂಡರು. "ಪೂಜಿ ಮಾಡೋ ವಸ್ತು ಇದು. ಅನ್ನ ಕೊಟ್ಟೈತಿ. ತಗಂಡು ಹೋಗಿ ಕಾಲಾಗ ಇಡ್ಲೇನು? ಆಗಂಗಿಲ್ಲ ಅಂದ್ರೆ ಆಗಂಗಿಲ್ಲ."

ಜಬಿ ತಲೆ ಕೆರೆದುಕೊಂಡ. ಭೂಮಿಕಾ ಹಲಗೆಯನ್ನು ನೆಲಕ್ಕಿಟ್ಟು ಅವರ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು.

"ಅಜ್ಜ, ಮದುಮಗಳಿಗೆ ಕಾಲುಂಗುರ ಹಾಕೋವಾಗ ನೀವೇನು ಮಾಡ್ತೀರಿ?"

"ಏನು ಮಾಡ್ತಾರೆ? ಮಂಡಿ ಊರಿ ಕಾಲು ತೆಗೀತೀನಿ."

"ಆವಾಗ ಮುಖ ತೆಗಿಯಂಗಿಲ್ಲೇನು?"

"ಕಾಲುಂಗುರ ಹಾಕೋದು ಕಾಲಿಗವ್ವ, ಮುಖಕ್ಕಲ್ಲ."

"ನಂದೂ ಕಾಲಿಂದೇ ಅಜ್ಜ. ನಿಮ್ಮ ಕ್ಯಾಮೆರಾಕ್ಕೆ ನನ್ನ ಕಾಲು ತಾಗಿದ್ರೆ ಅಲ್ಲೇ ನಿಂತು ಕಣ್ಣಿಗೊತ್ಕಂತೀನಿ. ಎಷ್ಟು ಸಲ ತಾಗಿದ್ರೂ ಅಷ್ಟು ಸಲ."

ಮೃತ್ಯುಂಜಯಪ್ಪನವರು ಅವಳನ್ನೇ ನೋಡಿದರು. ಆಮೇಲೆ ಮೀಸೆಯಡಿಯಲ್ಲಿ ಒಂದು ನಗು ಕಾಣಿಸಿತು. ನನ್ನ ಕಣ್ಣಿಗೆ ಇನ್ನೊಂದು ಗಾಜು ತಿರುಗಿಸಿ ಕೂರಿಸಿದರು. ಸಣ್ಣ ಮನೆಗಳ ದೇವರಕೋಣೆಯಲ್ಲಿ ಎಲ್ಲರೂ ಒಂದೇ ಚಿತ್ರದಲ್ಲಿ ಹಿಡಿಯಲಿ ಎಂದು ತಂದಿಟ್ಟಿದ್ದ ಅಗಲ ಕಾಣುವ ಗಾಜು ಅದು. ಜಬಿ ಗ್ಯಾರೇಜಿಗೆ ಓಡಿ, ಕಾರಿನಡಿ ಮಲಗಿ ಕೆಲಸ ಮಾಡುವ ಚಕ್ರದ ಹಲಗೆ ತಂದ. ಊರಿನ ಹಿರಿಯ ವಿಡಿಯೊಗ್ರಾಫರ್ ಪ್ಯಾಂಟು ಮಡಚಿಕೊಂಡು, "ಶಿವಶಿವಾ" ಎನ್ನುತ್ತ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಹೆಗಲ ಮೇಲಿದ್ದ ನನ್ನನ್ನು ಇಳಿಸಿದರು. ನೆತ್ತಿಯ ಹಿಡಿಯನ್ನು ಹಿಡಿದು ನೆಲದಿಂದ ಒಂದು ಗೇಣು ಮೇಲೆ ತೂಗಿಬಿಟ್ಟರು.

ಆಗ ಗೊತ್ತಾಯಿತು ನನಗೆ, ಆ ಕೈಗವಸಿನ ಹೆಂಗಸು ಹಿಡಿಯನ್ನು ಯಾಕೆ ಅಷ್ಟು ಗಟ್ಟಿಯಾಗಿ ಬಿಗಿದಿದ್ದಳು ಎಂದು.

ಜಬಿ ಹಿಂದಿನಿಂದ ತಳ್ಳಿದ. ಭೂಮಿಕಾ ಮುಂದೆ, ನಾವು ಹಿಂದೆ. ನಾನು ಜೀವಮಾನದಲ್ಲಿ ಮೊದಲ ಸಲ ಓಡಿದೆ! ಸಿಮೆಂಟು ನನ್ನ ಮೂಗಿನಡಿಯಲ್ಲಿ ಸರಸರ ಸರಿಯುತ್ತಿತ್ತು. ಸವೆದ ಕ್ಯಾನ್ವಾಸ್ ಶೂ, ಹೆಬ್ಬೆರಳ ಹತ್ತಿರ ಅವಳೇ ಹಾಕಿದ ಹೊಲಿಗೆ, ಹಲಗೆಯ ಬಾಲವನ್ನು ಒತ್ತುವ ಹಿಂಗಾಲು, ಮೇಲಕ್ಕೆಳೆಯುವ ಮುಂಗಾಲು. ಕೈ ಮುಟ್ಟುವುದೇ ಇಲ್ಲ, ಹಲಗೆ ಕಾಲಿಗೆ ಅಂಟಿದಂತೆ ಏಳುತ್ತದೆ. ನಗುವಿಗಿಂತ ಎಷ್ಟೋ ಹೆಚ್ಚಿನ ಮಾತು ಆ ಎರಡು ಕಾಲುಗಳಲ್ಲಿತ್ತು. ಇಷ್ಟು ವರ್ಷ ನಾನು ಯಾಕೆ ಮೇಲೇ ಇದ್ದೆ ಅನ್ನಿಸಿತು.

ಮೊದಲ ಸಲ ಹಲಗೆಯ ಬಾಲ ಗೋಡೆಗೆ ತಗುಲಿ ಭೂಮಿಕಾ ಅಂಗಾತ ಬಿದ್ದಳು. ಹೆಬ್ಬೆರಳು ಗುಂಡಿಯ ಕಡೆ ಬಂತು. ಹೆಬ್ಬೆರಳು ಅಲ್ಲೇ ತಡೆದು ನಿಂತಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಹೋಯಿತು. ಆ ಒಂದು ಕೆಲಸ ಆ ಮುದುಕನಿಗೆ ಎಷ್ಟು ಕಷ್ಟವಾಯಿತೆಂದು ನನಗೊಬ್ಬನಿಗೇ ಗೊತ್ತು.

ಅವಳು ಮತ್ತೆ ಬಿದ್ದಳು. ಮೊಣಕೈ ತರಚಿತು. ಮತ್ತೆ ಬಿದ್ದಳು. ಒಮ್ಮೆ ಅವಳ ಶೂ ನನ್ನ ಪಕ್ಕೆಗೆ ತಾಗಿತು. ಕುಂಟಿಕೊಂಡೇ ಬಂದು ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮತ್ತೆ ಹಿಂದಕ್ಕೆ ಹೋದಳು. ಬಿಸಿಲೇರಿತು. ಕ್ಯಾಸೆಟ್ ಮುಗಿಯುತ್ತಾ ಬಂದು ನನ್ನ ಕೆಂಪು ದೀಪ ಮಿಣಮಿಣ ಎನ್ನತೊಡಗಿತು.

"ಇದೊಂದೇ ಸಲ ಕೂಸು. ಆಮೇಲೆ ಇದ್ರಾಗ ಜಾಗ ಇಲ್ಲ" ಎಂದರು ಮೃತ್ಯುಂಜಯಪ್ಪನವರು.

ಭೂಮಿಕಾ ಹಲಗೆ ಎತ್ತಿಕೊಂಡಳು. ಅಂಗೈ ಪ್ಯಾಂಟಿಗೆ ಒರೆಸಿಕೊಂಡಳು. ಇಳಿಜಾರಿನ ತುದಿಯಿಂದ ಬಂದಳು. ಗರ್ರ್ ಎಂಬ ಸದ್ದು ಏರುತ್ತಾ ಬಂತು, ಚಟ್ ಎಂದಿತು, ಆಮೇಲೆ ಸದ್ದೇ ಇಲ್ಲ. ಕಾಲು, ಹಲಗೆ ಎರಡೂ ಮೋಟುಗೋಡೆಯ ಮೇಲೆ ತೇಲಿದವು. ಗೋಡೆಯಾಚೆ ನಾಲ್ಕೂ ಚಕ್ರ ಒಟ್ಟಿಗೆ ನೆಲ ಮುಟ್ಟಿದವು. ನಾವು ಗೋಡೆಯ ಪಕ್ಕದ ಸಂದಿಯಿಂದ ನುಗ್ಗಿ ಬೆನ್ನು ಹತ್ತಿದೆವು. ಹುರುಪಿನಲ್ಲಿ ಜಬಿ ಜೋರಾಗಿಯೇ ತಳ್ಳಿಬಿಟ್ಟ. ನಮ್ಮ ಚಕ್ರಕ್ಕೆ ಕಲ್ಲೊಂದು ಸಿಕ್ಕಿ ಹಲಗೆ ಮಗುಚಿತು. ಮೃತ್ಯುಂಜಯಪ್ಪನವರು ಒಂದು ಮಗ್ಗುಲಿಗೆ ಉರುಳಿದರು. ಉರುಳಿದರೂ ಹಿಡಿ ಬಿಡಲಿಲ್ಲ, ಅವರ ಕೈ ನನ್ನನ್ನು ಅವಳ ಕಡೆಗೇ ಹಿಡಿದಿತ್ತು. ನನ್ನ ಮೈ ಸಿಮೆಂಟಿಗೆ ಬಡಿಯಿತು. ಒಳಗೆಲ್ಲೋ ಏನೋ ಮುರಿಯಿತು. ಕಣ್ಣು ಕತ್ತಲಾಗುವ ಮುಂಚೆ ಓರೆಯಾಗಿ ಕಂಡದ್ದು ಎರಡು ಕಾಲು ಮತ್ತು ಒಂದು ಹಲಗೆ. ಅವು ದೂರ ದೂರ ಸಾಗುತ್ತಿದ್ದವು.

ನೆಲದ ಮೇಲೆ ಮಲಗಿಕೊಂಡೇ ಅವರು ಕೇಳಿದರು. "ಹೋದ್ಲೇನೋ ಜಬಿ? ನಿಂತ್ಕಂಡೇ ಹೋದ್ಲೇನೋ?"

"ಹೋದ್ಲು ಅಜ್ಜಾರೆ! ಆ ತುದಿತನಕಾ ನಿಂತ್ಕಂಡೇ ಹೋದ್ಲು!"

ಕ್ಯಾಸೆಟ್ ಹಾಕುವ ನನ್ನ ಬಾಯಿ ಕಚ್ಚಿಕೊಂಡಿತ್ತು. ಗ್ಯಾರೇಜಿನಲ್ಲಿ ಬಟ್ಟೆ ಹಾಸಿ, ಜಬಿ ನನ್ನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಹೆರಿಗೆ ಮಾಡಿಸುವ ಸೂಲಗಿತ್ತಿಯ ನಾಜೂಕಿನಿಂದ ಕ್ಯಾಸೆಟ್ಟನ್ನು ಹೊರತೆಗೆದ. ಟೇಪಿನ ತುದಿ ಸ್ವಲ್ಪ ಸುಕ್ಕಾಗಿತ್ತು, ಅಷ್ಟೇ. ಸ್ಟುಡಿಯೊದ ಹಳೆಯ ಪ್ಲೇಯರಿನಲ್ಲಿ ಹಾಕಿದರು. ಎಲ್ಲವೂ ಬಂದಿತ್ತು.

ಆದರೆ ಈಗ ಇನ್ನೊಂದು ಪೇಚು. ಹೊನ್ನಮ್ಮ ನೋಡದೆ ಅದು ಊರು ದಾಟುವಂತಿಲ್ಲ. ಬಿದ್ದದ್ದನ್ನು ಇಟ್ಟರೆ ತಾಯಿ ಕಂಡು ಹೆದರಿ ಹಲಗೆಯನ್ನು ಒಲೆಗೆ ಹಾಕುತ್ತಾಳೆ, ತೆಗೆದರೆ ಕೋಚ್ ಒಪ್ಪುವುದಿಲ್ಲ. ತಾಯಿಗೊಂದು, ಬೆಂಗಳೂರಿಗೊಂದು ಮಾಡಿಬಿಡೋಣ ಎಂದ ಜಬಿ. ಭೂಮಿಕಾ ಒಪ್ಪಲಿಲ್ಲ. "ಅವ್ವನಿಗೆ ಸುಳ್ಳು ತೋರ್ಸಿ ನಾ ಹೋಗಂಗಿಲ್ಲ. ಇದ್ದಿದ್ದು ಇದ್ದಂಗೇ ನೋಡ್ಲಿ" ಎಂದಳು.

ಹೊನ್ನಮ್ಮ ಭಟ್ಟಿಯಿಂದ ಬಂದು ಸ್ಟೂಲಿನ ಮೇಲೆ ಕೂತಳು. ಬಿಚ್ಚಿಹಾಕಿದ ನಾನು ಮೇಜಿನ ಮೇಲಿದ್ದೆ. ಕಣ್ಣಿಲ್ಲದಿದ್ದರೂ ಕಿವಿ ಇತ್ತು. ಮೊದಲ ಸಲ ಮಗಳು ಬಿದ್ದಾಗ "ಅಯ್ಯೋ ನನ್ನ ಶಿವನೇ" ಎಂದಳು. ಎರಡನೆಯದಕ್ಕೆ ಸ್ಟೂಲು ಕಿರುಗುಟ್ಟಿತು. ಮೂರನೆಯದಕ್ಕೆ ಮಗಳ ರಟ್ಟೆಯನ್ನೇ ಜಿಗುಟಿರಬೇಕು, ಭೂಮಿಕಾ ಅಬ್ಬಾ ಎಂದಳು. ಆಮೇಲೆ ಟೇಪಿನ ಸದ್ದಷ್ಟೇ. ಚಕ್ರದ ಗರ್ರ್, ಬಿದ್ದ ಸದ್ದು, ಎದ್ದ ಸದ್ದು, ಮತ್ತೆ ಚಕ್ರದ ಗರ್ರ್. ಕೊನೆಗೆ ಚಟ್ ಎಂದಿತು, ಸದ್ದಿಲ್ಲದ ಆ ಗಳಿಗೆ ಬಂತು, ನಾಲ್ಕು ಚಕ್ರ ನೆಲ ಮುಟ್ಟಿದವು. ಚಕ್ರದ ಸದ್ದು ದೂರ ಹೋಗಿ ನಿಂತಿತು.

ಮೃತ್ಯುಂಜಯಪ್ಪನವರು ಗಂಟಲು ಸರಿಮಾಡಿಕೊಂಡರು. "ಹೊನ್ನಮ್ಮ, ಬಿದ್ದಿದ್ದು ನೋಡಿ ಮನಸಿಗೆ ಬ್ಯಾಸರ ಮಾಡ್ಕಬ್ಯಾಡ..."

"ಸುಮ್ನಿರ್ರಿ ಅಣ್ಣಾರೆ." ಹೊನ್ನಮ್ಮ ಸ್ಟೂಲು ಸರಿಸಿ ಎದ್ದಳು. "ಅವತ್ತು ತೋರ್ಸಿದ್ರಲ್ಲ, ಅದ್ರಾಗ ಮದುಮಗಳಂಗಿದ್ಲು. ಇದ್ರಾಗ ನನ್ನ ಮಗಳಂಗ ಅದಾಳೆ. ಕಳಿಸ್ರಿ. ಬಿದ್ದಿದ್ದು ಒಂದೂ ತೆಗೀಬ್ಯಾಡ್ರಿ. ಎಷ್ಟು ಸಲ ಎದ್ದಾಳಂತ ಆ ಬೆಂಗಳೂರಿನೋರಿಗೂ ಗೊತ್ತಾಗ್ಲಿ."

ಆಮೇಲೆ ಮಗಳ ಮೊಣಕೈ ಹಿಡಿದೆಳೆದು ನೋಡಿ, ಓಣಿಗೆಲ್ಲ ಕೇಳುವಂತೆ ಬೈದಳು. ಬೈಯುತ್ತಲೇ ಅರಿಸಿನ ಹಚ್ಚಿದಳು.

ಭೂಮಿಕಾ ಆಯ್ಕೆಯಾದಳು. ಕೋಚ್ ಫೋನ್ ಮಾಡಿ, ಕೊನೆಯಲ್ಲಿ ಚಿತ್ರ ಓರೆಯಾಯಿತಲ್ಲ, ಆ ಜಾಗವನ್ನು ಎಲ್ಲರಿಗೂ ತೋರಿಸಿದೆ ಎಂದಳಂತೆ. ತೆಗೆದವರು ಯಾರು ಎಂದೂ ಕೇಳಿದಳಂತೆ. ಆ ದಿನ ಮೃತ್ಯುಂಜಯಪ್ಪನವರು ಓಣಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು.

ನನಗೆ ಮಾತ್ರ ಮತ್ತೆ ಕಣ್ಣು ಬರಲಿಲ್ಲ. ನನ್ನ ಭಾಗಗಳು ಈಗ ಯಾವ ಅಂಗಡಿಯಲ್ಲೂ ಇಲ್ಲ. ಜಬಿ ನನ್ನನ್ನು ಮೊದಲಿನಂತೆ ಜೋಡಿಸಿದ, ಹಿಡಿಯೊಂದನ್ನು ಬಿಟ್ಟು. ಅದಕ್ಕೆ ಒಂದು ಕಬ್ಬಿಣದ ಪಟ್ಟಿ ಬೆಸೆದು, ತುದಿಗೆ ಫೋನು ಕಚ್ಚಿಸುವ ಹಾಗೆ ಮಾಡಿದ. ರಜೆಗೆ ಬಂದಾಗಲೆಲ್ಲ ಭೂಮಿಕಾ ಓಣಿಯ ಹುಡುಗಿಯರನ್ನು ತೊಟ್ಟಿಗೆ ಕರೆದೊಯ್ಯುತ್ತಾಳೆ. ಹಿಡಿಯೂ ಅವರ ಜೊತೆ ಹೋಗುತ್ತದೆ. ಮೃತ್ಯುಂಜಯಪ್ಪನವರು ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂಗುತ್ತಿರುತ್ತಾರಂತೆ: "ಮುಖ ಬಿಡ್ರವ್ವಾ, ಕಾಲು ತೆಗೀರಿ! ಬಿದ್ಲಂತ ನಿಲ್ಲಿಸ್ಬ್ಯಾಡ್ರಿ!"

ನಾನು ಗಾಜಿನ ಬೀರುವಿನಲ್ಲಿ, ನೆತ್ತಿ ಬೋಳಾಗಿ ಕೂತಿದ್ದೇನೆ. ದುಃಖವಿಲ್ಲ. ಸಾವಿರ ಮುಖ ನೋಡಿದೆ, ಎಲ್ಲವೂ ನನ್ನ ಕಡೆ ತಿರುಗಿ ನಕ್ಕವು. ನನ್ನ ಕಡೆ ನೋಡದೆ ತನ್ನ ಪಾಡಿಗೆ ದೂರ ಹೋದದ್ದು ಆ ಎರಡು ಕಾಲು ಮಾತ್ರ. ಕಣ್ಣು ಹೋದ ಮೇಲೂ ನನಗೆ ಕಾಣುವುದು ಅವೇ.

ಈ ವರ್ಷದ ಆಯುಧಪೂಜೆಗೆ ಮೃತ್ಯುಂಜಯಪ್ಪನವರು ನನ್ನನ್ನು ಒರೆಸಿ ಮೇಜಿನ ಮೇಲಿಟ್ಟರು. ಉಳಿದದ್ದು ಅಲ್ಲಿದ್ದವರ ಮಾತಿನಿಂದ ನನಗೆ ತಿಳಿದದ್ದು. ಹೊನ್ನಮ್ಮ ಭೂಮಿಕಾಳ ಹಳೆಯ ಹಲಗೆ ತಂದು ಪಕ್ಕದಲ್ಲಿಟ್ಟಳು. ಜಬಿ ಹಿಡಿಯನ್ನು ತಂದುಕೊಟ್ಟ. ಅದರ ತುಂಬ ತೊಟ್ಟಿಯ ಸಿಮೆಂಟು ಧೂಳು. ಒರೆಸಲೆಂದು ಬಟ್ಟೆ ಎತ್ತಿದ ಮೃತ್ಯುಂಜಯಪ್ಪನವರು ಒಂದು ಗಳಿಗೆ ತಡೆದರು. ಬಟ್ಟೆಯನ್ನು ಪಕ್ಕಕ್ಕಿಟ್ಟು, ಆ ಧೂಳಿನ ಮೇಲೆಯೇ ವಿಭೂತಿ ಹಚ್ಚಿದರು.